ಗ್ರೂಬಿ ಹಸಿರಿನ ಹಿಂದೆ: ಎಲೆ ಹೊತ್ತ ಹೂದಾನಿಯೊಂದನ್ನು ಮಾಡಿದ ಬಗೆ

ಈ ಹೂದಾನಿಯ ಮೈಮೇಲೆ ಐದು ಅಗಲವಾದ ಎಲೆಗಳಿವೆ, ಎಲೆಗಳ ನಡುವೆ ಐದು ಹಳದಿ ಮೊಗ್ಗುಗಳಿವೆ. ಎಲೆಯ ಅಂಚನ್ನಾಗಲಿ ನಡುನರವನ್ನಾಗಲಿ ಕುಂಚದಲ್ಲಿ ಬರೆದಿಲ್ಲ. ಮೊಗ್ಗುಗಳನ್ನು ಬಿಟ್ಟರೆ ಇಡೀ ಮೈಗೆ ಕೊಟ್ಟದ್ದು ಒಂದೇ ಹಸಿರು. ಆದರೂ ಎಲೆಯ ಏಣಿನ (ಮಣ್ಣಿನಲ್ಲಿ ಎಬ್ಬಿಸಿದ ಉಬ್ಬುಗೆರೆಯ) ಮೇಲೆ ತಿಳಿಗಂದು ಗೆರೆ ಎದ್ದಿದೆ, ಏಣಿನ ಬುಡದಲ್ಲಿ ಹಸಿರು ಕಡುವಾಗಿದೆ, ಎಲೆಯ ಹರವಿನಲ್ಲಿ ಅದೇ ಹಸಿರು ಸೌತೆಕಾಯಿ ಸಿಪ್ಪೆಯ ಹಾಗೆ ನಸುಮಚ್ಚೆಗಳಿಂದ ಕೂಡಿದೆ. ಬೆಳಕು ಬಿದ್ದ ಕಡೆ ಹೊಳಪಿಲ್ಲ. ಬೆಳಕನ್ನು ಮೈಯೊಳಕ್ಕೆ ಎಳೆದುಕೊಂಡು ಸುಮ್ಮನಾಗುವ ಮೇಲ್ಮೈ ಅದು. ಬಾಸ್ಟನ್ನಿನಲ್ಲಿ ಕುಂಬಾರಿಕೆ ಸಂಸ್ಥೆ ಕಟ್ಟಿದ ವಿಲಿಯಂ ಹೆನ್ರಿ ಗ್ರೂಬಿ 1890ರ ದಶಕದ ಕೊನೆಯಲ್ಲಿ ಒಲಿಸಿಕೊಂಡ ಈ ಮ್ಯಾಟ್, ಅಂದರೆ ಹೊಳಪಿಲ್ಲದ, ಹಸಿರನ್ನು, ಸೀಸ ಬಳಸದೆ, ಇಂದಿನ ವಿದ್ಯುತ್ ಗೂಡಿನಲ್ಲಿ ಪಡೆಯಬೇಕೆಂಬುದು ನನ್ನ ಹಟವಾಗಿತ್ತು. ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಕಲಾಕುಂಬಾರಿಕೆಯಲ್ಲಿ ಹೂವು ಮತ್ತು ಮ್ಯಾಟ್ ಗ್ಲೇಜ್ (ಮಣ್ಣಿನ ಮೇಲೆ ಕರಗಿ ಕೂರುವ ಗಾಜಿನಂಥ ಹೊದಿಕೆ) ಒಟ್ಟಿಗೆ ಬರುವ ಮಾದರಿಗಳು ಬೇಕಾದಷ್ಟಿವೆ. ಸಿನ್ಸಿನಾಟಿಯ ರೂಕ್‌ವುಡ್ ಕುಂಬಾರಿಕೆಯಲ್ಲಿ ಚಿತ್ರಗಾರನಾಗಿದ್ದ ಆರ್ಟಸ್ ವ್ಯಾನ್ ಬ್ರಿಗಲ್ ಪ್ಯಾರಿಸ್ಸಿಗೆ ಹೋಗಿ, ಅಲ್ಲಿ ಕಂಡ ಹಳೆಯ ಚೀನೀ ಪಾತ್ರೆಗಳ ಮ್ಯಾಟ್ ಮೈಗೆ ಮನಸೋತು, ಅದನ್ನು ಮರಳಿ ಪಡೆಯಲು ವರ್ಷಗಟ್ಟಲೆ ಪ್ರಯೋಗ ಮಾಡಿದ. ಕ್ಷಯರೋಗಿಯಾಗಿ 1899ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಸೇರಿ, ಅಲ್ಲಿ ಸ್ವಂತ ಕುಂಬಾರಿಕೆ ತೆರೆದು, 1904ರಲ್ಲಿ ತೀರಿಕೊಂಡ. ನ್ಯೂ ಆರ್ಲಿಯನ್ಸಿನ ನ್ಯೂಕಂಬ್ ಕಾಲೇಜಿನ ವಿದ್ಯಾರ್ಥಿನಿಯರು ಹಸಿಮಣ್ಣಿನಲ್ಲಿ ಕೊರೆದ ಮ್ಯಾಗ್ನೋಲಿಯಾ ಹೂಗಳಿಗೆ 1910ರಲ್ಲಿ ಅಲ್ಲಿಗೆ ಬಂದ ಪಾಲ್ ಕಾಕ್ಸ್ ಮೆದುವಾದ ಮ್ಯಾಟ್ ಹೊದಿಕೆ ಕೊಟ್ಟರು. ಎಲ್ಲವೂ ಚೆಂದವೇ. ಆದರೆ ವ್ಯಾನ್ ಬ್ರಿಗಲ್ ಪಾತ್ರೆಗಳು ಹೆಚ್ಚಾಗಿ ಅಚ್ಚಿನವು. ನ್ಯೂಕಂಬ್ ಪಾತ್ರೆಗಳಲ್ಲಿ ಹೂವಿಗೆ ಬಣ್ಣವೇ ಬೇರೆ, ಮೇಲಿನ ಹೊದಿಕೆಯೇ ಬೇರೆ. ಗ್ರೂಬಿಯಲ್ಲಿ ಮಾತ್ರ ಮಣ್ಣಿನ ಏಣು ಮತ್ತು ಗ್ಲೇಜ್ ಒಂದನ್ನೊಂದು ಬಿಟ್ಟು ಬದುಕುವುದಿಲ್ಲ. ಏಣಿಲ್ಲದೆ ಆ ಹಸಿರು ಬರೀ ಒಂದು ಬಣ್ಣ. ಆ ಹಸಿರಿಲ್ಲದೆ ಏಣು ಬರೀ ಒಂದು ಉಬ್ಬು. ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಗ್ರೂಬಿ ಹೂದಾನಿಗಳ ಎದುರು ನಿಂತಾಗಲೆಲ್ಲ ನನಗೆ ಅನ್ನಿಸುತ್ತಿದ್ದದ್ದು ಇದೇ. ಹಾಗಾಗಿ ಗ್ಲೇಜನ್ನು ಮಾತ್ರ ನಕಲು ಮಾಡಿ ನುಣ್ಣನೆಯ ಪಾತ್ರೆಗೆ ಬಳಿಯುವ ದಾರಿ ನನಗೆ ಬೇಕಿರಲಿಲ್ಲ.

ಮೈ

ಮಧ್ಯಮ ಉಷ್ಣತೆಗೆ ಹೊಂದುವ, ಸುಟ್ಟಾಗ ತಿಳಿಗಂದು ಬಣ್ಣಕ್ಕೆ ತಿರುಗುವ ಜೇಡಿಮಣ್ಣನ್ನು ಆರಿಸಿಕೊಂಡೆ. ಬಿಳಿ ಮಣ್ಣು ಬೇಡ. ಏಣಿನ ಮೇಲೆ ಗ್ಲೇಜ್ ತೆಳುವಾದಾಗ ಒಳಗಿನಿಂದ ಇಣುಕುವುದು ಮಣ್ಣಿನ ಬಣ್ಣವೇ; ಅದು ಬಿಳಿಯಾದರೆ ಎಲೆಯ ಅಂಚು ಸುಣ್ಣದ ಗೆರೆಯಾಗಿ ಕಾಣುತ್ತದೆ, ಕಡುಕಂದಾದರೆ ಹಸಿರಿನಲ್ಲಿ ಮುಳುಗಿಹೋಗುತ್ತದೆ.

ಮೂರು ಕಿಲೋ ಮಣ್ಣನ್ನು ಚೆನ್ನಾಗಿ ನಾದಿ ತಿಗರಿಯ ಮೇಲೆ 25 ಸೆಂಟಿಮೀಟರ್ ಎತ್ತರಕ್ಕೆ ಎತ್ತಿದೆ. ಒಣಗಿ, ಸುಟ್ಟು, ಶೇಕಡಾ 12ರಷ್ಟು ಕುಗ್ಗಿದ ಮೇಲೆ ಅದು 22 ಸೆಂಟಿಮೀಟರ್ ಆಗುತ್ತದೆ. ಗೋಡೆಯ ದಪ್ಪವನ್ನು ಬೇಕೆಂದೇ ಎಂಟು ಮಿಲಿಮೀಟರ್ ಬಿಟ್ಟೆ. ತೆಳು ಗೋಡೆಯ ಮೇಲೆ ಹಸಿ ಎಳೆಗಳನ್ನು ಅಂಟಿಸಿ ಒತ್ತುತ್ತ ಹೋದರೆ ಪಾತ್ರೆ ಒಳಕ್ಕೆ ಸರಿಯುತ್ತದೆ. ಆಕಾರ ಸರಳ: ಕಿರಿದಾದ ಬುಡ, ಮೇಲಕ್ಕೆ ನಿಧಾನವಾಗಿ ಅಗಲವಾಗುವ ಮೈ, ದುಂಡನೆಯ ಭುಜ, ಗಿಡ್ಡ ಕೊರಳು. ಗ್ರೂಬಿ ಸಂಸ್ಥೆಯ ಮೊದಲ ಹೂದಾನಿಗಳ ಆಕಾರಗಳನ್ನು ರೂಪಿಸಿದವನು ಜಾರ್ಜ್ ಪ್ರೆಂಟಿಸ್ ಕೆಂಡ್ರಿಕ್. ಅವನ ಆಕಾರಗಳು ಒಂದು ಗಿಡ ನೆಲದಿಂದ ಏಳುವ ಬಗೆಯನ್ನೇ ಹಿಡಿದಿವೆ: ಎಲೆ ಬುಡದಲ್ಲಿ ಹುಟ್ಟಿ, ಹೊಟ್ಟೆಯ ಮೇಲೆ ಹರಡಿ, ಭುಜದ ಬಳಿ ತುದಿ ಮುಟ್ಟುತ್ತದೆ. ಪಾತ್ರೆಯ ಆಕಾರವನ್ನು ಎಲೆ ಹೊತ್ತು ನಿಲ್ಲಿಸಿದೆಯೋ ಎನ್ನುವಷ್ಟು ಎರಡೂ ಕೂಡಿರುತ್ತವೆ.

ಎಲೆ

ಮಣ್ಣು ಹದಕ್ಕೆ ಬರುವವರೆಗೆ ಕಾಯಬೇಕು. ಬೆರಳೊತ್ತಿದರೆ ಗುರುತು ಬೀಳಬೇಕು, ಗೋಡೆ ಮಾತ್ರ ಬಗ್ಗಬಾರದು. ಕಾಗದದ ಪಟ್ಟಿಯನ್ನು ಹೊಟ್ಟೆಯ ಸುತ್ತ ಸುತ್ತಿ, ಅದನ್ನು ಐದು ಸಮಭಾಗಗಳಾಗಿ ಮಡಿಸಿ, ಎಲೆಗಳ ನಡುಗೆರೆಗಳನ್ನು ಗುರುತು ಮಾಡಿಕೊಂಡೆ. ಆಮೇಲೆ ನೀರಿನಲ್ಲಿ ಕಲಸಿದ ಬಣ್ಣದಿಂದ ಎಲೆಗಳನ್ನು ಕೈಬರಹದಲ್ಲೇ ಬರೆದೆ. ಆ ಬಣ್ಣ ಸುಡುವಾಗ ಹೋಗಿಬಿಡುತ್ತದೆ. ಐದೂ ಎಲೆಗಳು ಒಂದೇ ಅಚ್ಚಿನಲ್ಲಿ ಬಿದ್ದಂತಿರುವುದು ನನಗೆ ಇಷ್ಟವಿಲ್ಲ. ಒಂದರ ತುದಿ ತುಸು ಎಡಕ್ಕೆ ವಾಲಿದೆ, ಇನ್ನೊಂದು ಪಕ್ಕದ ಎಲೆಯ ಅಂಚನ್ನು ಮುಚ್ಚಿದೆ.

ಬಾಸ್ಟನ್ನಿನಲ್ಲಿ ಈ ಕೆಲಸವನ್ನು ಮಾಡುತ್ತಿದ್ದವರು ನಗರದ ಕಲಾಶಾಲೆಗಳಲ್ಲಿ ಕಲಿತ ತರುಣಿಯರು. ತಿಗರಿಯಲ್ಲಿ ಪಾತ್ರೆ ಎತ್ತುವವರು ಬೇರೆ, ಎಲೆ ಕಟ್ಟುವವರು ಬೇರೆ. ರೂತ್ ಎರಿಕ್ಸನ್, ವಿಲ್ಹೆಲ್ಮಿನಾ ಪೋಸ್ಟ್ ಮೊದಲಾದವರು ಪಾತ್ರೆಯ ಅಡಿಯಲ್ಲಿ ಕೊರೆದ ಮೊದಲಕ್ಷರಗಳಿಂದಲೇ ಇಂದು ಯಾವುದು ಯಾರ ಕೈಯದೆಂದು ಗುರುತಿಸುತ್ತಾರೆ. ಆಕಾರ ಕೆಂಡ್ರಿಕ್‌ನದು, ಗ್ಲೇಜ್ ಗ್ರೂಬಿಯದು ಎಂಬುದು ಸರಿ. ಆದರೆ ಗ್ಲೇಜ್ ಎಲ್ಲಿ ತೆಳುವಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸಿದ್ದು ಈ ಹೆಣ್ಣುಮಕ್ಕಳ ಬೆರಳುಗಳು. ಏಣು ಕಟ್ಟಲು ಕುಳಿತವರಿಗೆ ಇದು ಚೆನ್ನಾಗಿ ಅರಿವಾಗುತ್ತದೆ.

ಕಟ್ಟುವ ವಿಧಾನ ಹೀಗೆ. ಪಾತ್ರೆಯ ಮಣ್ಣನ್ನೇ ತುಸು ಮೆದುವಾಗಿ ಕಲಸಿ, ಹಲಗೆಯ ಮೇಲೆ ಅಂಗೈಯಿಂದ ಉರುಳಿಸಿ ನಾಲ್ಕು ಮಿಲಿಮೀಟರ್ ದಪ್ಪದ ಎಳೆ ಮಾಡಬೇಕು. ಪಾತ್ರೆಯ ಮೇಲೆ ಎಲೆಯಂಚಿನ ಗೆರೆಯುದ್ದಕ್ಕೂ ಸೂಜಿಯಿಂದ ಅಡ್ಡಗೀರುಗಳನ್ನು ಹಾಕಿ, ಮಣ್ಣಿನ ತೆಳು ರಾಡಿ ಹಚ್ಚಿ, ಎಳೆಯನ್ನು ಕೂರಿಸಬೇಕು. ಇಷ್ಟಕ್ಕೇ ಬಿಟ್ಟರೆ ಅದು ಅಂಟಿಸಿದ ದಾರ, ಎಲೆಯಲ್ಲ. ಎಳೆಯ ಒಳಮಗ್ಗುಲನ್ನು, ಅಂದರೆ ಎಲೆಯ ಕಡೆಯದನ್ನು, ಮರದ ಚೂಪುಪಟ್ಟಿಯಿಂದ ಗೋಡೆಯೊಳಕ್ಕೆ ಸವರುತ್ತ ಹೋಗಬೇಕು. ಏಣಿನಿಂದ ಎಲೆಯ ನಡುವಿಗೆ ಒಂದು ಮೆಲ್ಲನೆಯ ಇಳಿಜಾರು ಬರಬೇಕು. ಹೊರಮಗ್ಗುಲನ್ನು ಮಾತ್ರ ಕಡಿದಾಗಿಯೇ ಬಿಡಬೇಕು. ಆಗ ಎಲೆ ಪಾತ್ರೆಯ ಮೈಯಿಂದ ಮೇಲೆದ್ದು ನಿಂತಂತೆ ಕಾಣುತ್ತದೆ. ಮೇಲಿಂದ ಹಚ್ಚಿದ್ದು ಅನ್ನಿಸುವುದಿಲ್ಲ. ನಡುನರಕ್ಕೆ ಇನ್ನೂ ತೆಳುವಾದ ಎಳೆಯಿಟ್ಟು ಅದನ್ನು ಎರಡೂ ಕಡೆಗೆ ಸವರಬೇಕು.

ಎಲ್ಲ ಏಣುಗಳ ನೆತ್ತಿಯನ್ನೂ ಕೊನೆಯಲ್ಲಿ ಬೆರಳಿನಿಂದ ಒಮ್ಮೆ ತೀಡಿ ನೋಡಿದೆ. ತೀರ ಚೂಪಾಗಿದ್ದರೆ ಗ್ಲೇಜ್ ಪೂರ್ತಿ ಹಿಂಜರಿದು ಬೋಳು ಮಣ್ಣಾಗುತ್ತದೆ; ತೀರ ದುಂಡಾಗಿದ್ದರೆ ಗ್ಲೇಜ್ ಎಲ್ಲ ಕಡೆಯೂ ಒಂದೇ ದಪ್ಪಕ್ಕೆ ನಿಂತು ಗೆರೆಯೇ ಮೂಡುವುದಿಲ್ಲ. ಒಂದು ಮಿಲಿಮೀಟರಿನಷ್ಟು ಅಗಲದ ನೆತ್ತಿ ನನಗೆ ಸರಿಹೋಯಿತು.

ಮೊಗ್ಗುಗಳಿಗೆ ಉದ್ದನೆಯ ದಂಟು, ತುದಿಯಲ್ಲಿ ಬಾಯಿ ಬಿಡುವ ಮೊದಲಿನ ಡ್ಯಾಫೊಡಿಲ್. ಸುತ್ತಲೂ ಏಣು ಕಟ್ಟಿ ಒಳಗಿನ ಭಾಗವನ್ನು ತುಸು ತಗ್ಗಾಗಿಟ್ಟೆ, ಹಳದಿಗೆ ಒಂದು ಬದು ಇರಲೆಂದು. ಎಲ್ಲ ಮುಗಿದ ಮೇಲೆ ಪಾತ್ರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಎಳೆಯ ತೇವವೂ ಗೋಡೆಯ ತೇವವೂ ಒಂದಾಗುವವರೆಗೆ ಬಿಟ್ಟು, ಆಮೇಲಷ್ಟೇ ನಿಧಾನವಾಗಿ ಒಣಗಿಸಿದೆ. ಮೊದಲ ಸುಡುವಿಕೆ ಕೋನ್ 04ಕ್ಕೆ, ಸುಮಾರು 1060 ಡಿಗ್ರಿ ಸೆಲ್ಸಿಯಸ್. ಕೋನ್ ಎಂದರೆ ಗೂಡಿನ ಕಾವನ್ನು ತಿಳಿಯಲು ಒಳಗಿಡುವ, ಗೊತ್ತಾದ ಕಾವಿಗೆ ಬಾಗುವ ಸಣ್ಣ ಶಂಕು.

ಗ್ಲೇಜ್

ಮ್ಯಾಟ್ ಎಂದರೆ ಹೊಳಪು ಕೆಟ್ಟ ಗ್ಲೇಜ್ ಎಂದು ತಿಳಿದವರು ಬಹಳ. ಗ್ರೂಬಿಗಿಂತ ಮೊದಲು ಹೊಳಪಿನ ಪಾತ್ರೆಯನ್ನು ಆಮ್ಲದಲ್ಲಿ ಅದ್ದಿಯೋ ಮರಳು ಹಾಯಿಸಿಯೋ ಮಂಕುಗೊಳಿಸುವ ರೂಢಿಯೂ ಇತ್ತು. ಇಂದೂ ಅನೇಕ ಕುಂಬಾರಿಕೆ ಶಾಲೆಗಳಲ್ಲಿ ಸರಿಯಾಗಿ ಕರಗದ ಗ್ಲೇಜನ್ನು ಮ್ಯಾಟ್ ಎಂದು ಕರೆಯುತ್ತಾರೆ. ಅಂಥದ್ದರ ಮೇಲೆ ಚಮಚ ಎಳೆದರೆ ಕಪ್ಪು ಗೀರು ಬೀಳುತ್ತದೆ, ಬೆರಳಿಗೆ ಒರಟಾಗುತ್ತದೆ, ಕಾಲಕ್ರಮದಲ್ಲಿ ಕೊಳೆ ಹಿಡಿಯುತ್ತದೆ. ನಿಜವಾದ ಮ್ಯಾಟ್ ಪೂರ್ತಿ ಕರಗಿದ ಗ್ಲೇಜ್. ಕರಗಿದ ಮೇಲೆ ಆರುವಾಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಬೆಳೆಯುತ್ತವೆ, ಅವು ಬೆಳಕನ್ನು ಚದುರಿಸುತ್ತವೆ. 1893ರ ಷಿಕಾಗೊ ವಿಶ್ವಮೇಳದಲ್ಲಿ ಫ್ರಾನ್ಸಿನ ಆಗ್ಯುಸ್ಟ್ ಡೆಲಾಎರ್ಶ್ ಮತ್ತು ಅರ್ನೆಸ್ಟ್ ಶಾಪ್ಲೆ ಅವರ ಪಾತ್ರೆಗಳನ್ನು ಕಂಡು ಗ್ರೂಬಿ ಬೆರಗಾದದ್ದು ಇಂಥ ಮೈಯನ್ನು ಕಂಡೇ. ಮರುವರ್ಷ ತನ್ನ ಸಂಸ್ಥೆ ಆರಂಭಿಸಿ, ಕೆಲವೇ ವರ್ಷಗಳಲ್ಲಿ ಆ ಹಸಿರನ್ನು ಸಾಧಿಸಿ, 1900ರ ಪ್ಯಾರಿಸ್ ಮೇಳದಲ್ಲಿ ಪದಕಗಳನ್ನು ಗೆದ್ದ. ಅವನು ಎಳೆಯ ವಯಸ್ಸಿನಲ್ಲಿ ಕೆಲಸ ಕಲಿತದ್ದು ಚೆಲ್ಸಿಯ ಲೋ ಟೈಲ್ ಕಾರ್ಖಾನೆಯಲ್ಲಿ. ಅಲ್ಲಿನ ಉಬ್ಬುಚಿತ್ರದ ಟೈಲ್‌ಗಳಲ್ಲಿ ಪಾರದರ್ಶಕ ಗ್ಲೇಜ್ ತಗ್ಗಿನಲ್ಲಿ ನಿಂತು ಕಡುವಾಗಿ, ಉಬ್ಬಿನಲ್ಲಿ ತೆಳುವಾಗಿ ಚಿತ್ರವನ್ನು ಎತ್ತಿಕೊಡುತ್ತಿತ್ತು. ಎಲೆಯ ಏಣಿನ ಜಾಣತನ ಅಲ್ಲಿಂದಲೇ ಬಂದಿರಬೇಕೆಂದು ನನಗೆ ಅನ್ನಿಸುತ್ತದೆ.

ಆ ಕಾಲದ ಮ್ಯಾಟ್ ಗ್ಲೇಜ್‌ಗಳಲ್ಲಿ ಸೀಸ ಸಾಮಾನ್ಯವಾಗಿತ್ತು. ನಾನು ಅದನ್ನು ಮುಟ್ಟುವುದಿಲ್ಲ. ಫ್ರಿಟ್ 3124 (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು), ವೊಲಾಸ್ಟೊನೈಟ್ (ಕ್ಯಾಲ್ಸಿಯಂ ಇರುವ ಖನಿಜ), ಕೆಯೊಲಿನ್ (ಬಿಳಿ ಜೇಡಿಮಣ್ಣು) ಈ ಮೂರರಿಂದಲೇ ಒಂದು ಸಾಲು ಪರೀಕ್ಷಾಬಿಲ್ಲೆಗಳನ್ನು ಹೂಡಿದೆ. ಫ್ರಿಟ್ ಮತ್ತು ವೊಲಾಸ್ಟೊನೈಟ್‌ಗಳ ಪ್ರಮಾಣವನ್ನು 9ಕ್ಕೆ 5ರಂತೆ ಹಿಡಿದು, ಕೆಯೊಲಿನ್ನನ್ನು ಮಾತ್ರ ಶೇಕಡಾ 20ರಿಂದ 40ರವರೆಗೆ ಐದೈದರಂತೆ ಏರಿಸಿದೆ. ಕೆಯೊಲಿನ್ ಏರಿದಂತೆ ಗ್ಲೇಜಿನಲ್ಲಿ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಏರುತ್ತದೆ. 1912ರಲ್ಲಿ ಅಮೆರಿಕದ ಸೆರಾಮಿಕ್ ತಜ್ಞ ಆರ್. ಟಿ. ಸ್ಟಲ್ ಪಿಂಗಾಣಿ ಗ್ಲೇಜ್‌ಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಒಂದು ಅಣು ಅಲ್ಯುಮಿನಾಕ್ಕೆ ಐದಕ್ಕಿಂತ ಕಡಿಮೆ ಅಣು ಸಿಲಿಕಾ (ಗಾಜಿನ ಮೂಲವಸ್ತು) ಇದ್ದಲ್ಲಿ ಗ್ಲೇಜ್ ಮ್ಯಾಟ್ ಆಗುತ್ತದೆಂದು ಕಂಡುಬಂತು. ನನ್ನ ಸಾಲಿನಲ್ಲಿ ಈ ಪ್ರಮಾಣ ಕೆಯೊಲಿನ್ 20ರಲ್ಲಿ 7ರ ಹತ್ತಿರ, 30ರಲ್ಲಿ 5.4, 35ರಲ್ಲಿ 4.9, 40ರಲ್ಲಿ 4.4. ಪ್ರತಿ ಬಿಲ್ಲೆಯ ಮೇಲೂ ಎಲೆಯ ಮೇಲಿನಂಥದೇ ಒಂದು ಏಣು ಕಟ್ಟಿದ್ದೆ. ಚಪ್ಪಟೆ ಬಿಲ್ಲೆಯಿಂದ ಈ ಕೆಲಸಕ್ಕೆ ಏನೂ ತಿಳಿಯುವುದಿಲ್ಲ.

20ರದು ಹೊಳೆಯಿತು. 25ರದು ಅರೆಹೊಳಪು. 40ರದು ಒಣಗಿದ ಸುಣ್ಣದಂತಾಗಿ ಉಗುರಿಗೆ ಗೀರು ಬಿತ್ತು. ಅದನ್ನು ಅಲ್ಲಿಗೇ ಬಿಟ್ಟೆ. ನಿಜವಾದ ಸ್ಪರ್ಧೆ ಇದ್ದದ್ದು 30 ಮತ್ತು 35ರ ನಡುವೆ, ಇಲ್ಲಿ ತುಸು ಹೊತ್ತು ನಿಲ್ಲಬೇಕು. ಎರಡರ ಬಿಲ್ಲೆಗಳನ್ನೂ ಜೋಡಿಯಾಗಿ ಮಾಡಿದ್ದೆ: ಒಂದೊಂದನ್ನು ಬೇಗ ಆರುವ ಸಣ್ಣ ಪರೀಕ್ಷಾ ಗೂಡಿನಲ್ಲಿ, ಇನ್ನೊಂದೊಂದನ್ನು ನಿಧಾನವಾಗಿ ಇಳಿಸುವ ದೊಡ್ಡ ಗೂಡಿನಲ್ಲಿ ಸುಟ್ಟೆ. 35ರ ಬಿಲ್ಲೆಗಳು ಎರಡೂ ಗೂಡಿನಿಂದ ಮ್ಯಾಟ್ ಆಗಿಯೇ ಹೊರಬಂದವು, ಎರಡೂ ಒಂದೇ ರೀತಿ ಸಪ್ಪೆಯಾಗಿದ್ದವು. ಆಳವಿಲ್ಲ, ಏಣಿನ ಬಳಿ ವ್ಯತ್ಯಾಸವೂ ಅಷ್ಟಕ್ಕಷ್ಟೇ. 30ರ ಜೋಡಿಯಲ್ಲಿ ಬೇಗ ಆರಿದ್ದು ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ನಿಧಾನವಾಗಿ ಆರಿದ್ದು ಅಂಗೈಗೆ ನುಣ್ಣಗೆ, ಕಣ್ಣಿಗೆ ಮಂಕಾಗಿ, ಭೂತಗನ್ನಡಿಯಲ್ಲಿ ನೋಡಿದರೆ ಮೇಲ್ಮೈ ತುಂಬ ಸಣ್ಣ ಸಣ್ಣ ತಿಳಿಕಣಗಳ ಜಾಲವಾಗಿ ಕಂಡಿತು. ಒಂದೇ ಬಟ್ಟಲಿನ ಗ್ಲೇಜ್, ಒಂದೇ ಉಷ್ಣತೆ. ಬೇರೆಯಾದದ್ದು ಇಳಿಯುವ ವೇಗ ಮಾತ್ರ. ಸ್ಟಲ್ ಲೆಕ್ಕದ ಗಡಿಯಿಂದ 5.4 ತುಸು ಹೊರಗಿದೆ ನಿಜ. ಆದರೆ ಈ ಗ್ಲೇಜಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿರುವುದರಿಂದ ಬಿಡುವು ಕೊಟ್ಟರೆ ಹರಳು ತಾನಾಗಿ ಬೆಳೆಯುತ್ತದೆ. ನಾನು 30ನ್ನೇ ಆರಿಸಿಕೊಂಡೆ. ಗೂಡು ಕೈಕೊಟ್ಟರೆ ಅದು ಹೊಳೆದುಬಿಡುವ ಅಪಾಯವಿದೆ, ಆದರೆ ಜೀವವಿರುವುದು ಅದರಲ್ಲೇ.

ಹೀಗೆ ತಳಹದಿಯ ಪಾಕ ನೂರಕ್ಕೆ ಫ್ರಿಟ್ 45, ವೊಲಾಸ್ಟೊನೈಟ್ 25, ಕೆಯೊಲಿನ್ 30. ಕೆಯೊಲಿನ್ನನ್ನೆಲ್ಲ ಹಸಿಯಾಗಿ ಹಾಕಿದರೆ ಗ್ಲೇಜ್ ಒಣಗುವಾಗ ಬಿರುಕು ಬಿಟ್ಟು, ಗೂಡಿನಲ್ಲಿ ಸುರುಟಿಕೊಳ್ಳುತ್ತದೆ. ಏಣಿರುವ ಪಾತ್ರೆಯಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ಅರ್ಧದಷ್ಟನ್ನು, ಅಂದರೆ 15 ಭಾಗವನ್ನು, ಮೊದಲೇ ಸುಟ್ಟ ಕೆಯೊಲಿನ್ ಆಗಿ ಹಾಕಿದೆ. ಸುಟ್ಟಾಗ ಕೆಯೊಲಿನ್ ಶೇಕಡಾ 14ರಷ್ಟು ತೂಕ ಕಳೆದುಕೊಳ್ಳುವುದರಿಂದ 15ರ ಬದಲು 12.9 ತೂಗಿದರೆ ಸಾಕು.

ಬಣ್ಣಕ್ಕೆ ಮತ್ತೊಂದು ಸಾಲು ಬಿಲ್ಲೆಗಳು. ಕ್ರೋಮ್ ಆಕ್ಸೈಡ್ ಒಂದನ್ನೇ ಹಾಕಿದರೆ ಕಿಟಕಿಗೆ ಬಳಿಯುವ ಬಣ್ಣದ ಗಡುಸು ಹಸಿರು ಬರುತ್ತದೆ. ನೂರು ಭಾಗ ತಳಹದಿಗೆ ಅದನ್ನು 0.6ಕ್ಕೆ ಇಳಿಸಿ, ಕೆಂಪು ಕಬ್ಬಿಣದ ಆಕ್ಸೈಡ್ 3, ರೂಟೈಲ್ (ಟೈಟೇನಿಯಂ ಖನಿಜ) 2 ಸೇರಿಸಿದಾಗ ಹಸಿರು ಹಳದಿಯ ಕಡೆಗೆ ವಾಲಿತು, ಮೇಲ್ಮೈಯಲ್ಲಿ ಮಚ್ಚೆ ಕಾಣಿಸಿತು. ಕ್ರೋಮ್ ಬಳಸುವವರು ಎರಡು ವಿಷಯ ನೆನಪಿಡಬೇಕು. ಗ್ಲೇಜಿನಲ್ಲಿ ಸತುವಿದ್ದರೆ ಕ್ರೋಮ್ ಕಂದಾಗುತ್ತದೆ. ಇನ್ನೊಂದು, ಕ್ರೋಮ್ ಕಾವಿಗೆ ಆವಿಯಾಗಿ ಹಾರುತ್ತದೆ, ಪಕ್ಕದಲ್ಲಿ ತವರದ ಬಿಳಿ ಗ್ಲೇಜಿನ ಪಾತ್ರೆಯಿದ್ದರೆ ಅದಕ್ಕೆ ಗುಲಾಬಿ ಛಾಯೆ ಹತ್ತಿಸುತ್ತದೆ. ಹತ್ತಾರು ಜನ ಹಂಚಿಕೊಳ್ಳುವ ಗೂಡಿನಲ್ಲಿ ಬೇರೆಯವರ ಶ್ರಮ ಕೆಡಬಾರದೆಂದು, ತವರದ ಬಿಳಿಯಿಲ್ಲದ ಸರದಿಯನ್ನೇ ಕೇಳಿ ಪಡೆದುಕೊಂಡೆ. ಮೊಗ್ಗಿನ ಹಳದಿಗೆ ಅದೇ ತಳಹದಿ, ಜೊತೆಗೆ ಪ್ರೇಸಿಯೋಡಿಮಿಯಂ-ಜಿರ್ಕಾನ್ ಹಳದಿ 7. ಈ ಪುಡಿಗಳನ್ನು ತೂಗುವಾಗ, ಕಲಸುವಾಗ ಮುಖಕ್ಕೆ ಧೂಳುತಡೆ ಕಟ್ಟಿಕೊಳ್ಳುವುದು ಕಡ್ಡಾಯ.

ಹಳದಿ ಮತ್ತು ಹಸಿರು ಅಕ್ಕಪಕ್ಕದಲ್ಲಿದ್ದೂ ಬೆರೆಯದಿರುವುದು ಮ್ಯಾಟ್ ಗ್ಲೇಜಿನ ಇನ್ನೊಂದು ಗುಣ. ಕರಗಿದಾಗಲೂ ಅದು ಗಟ್ಟಿಯಾಗಿ ಇದ್ದಲ್ಲೇ ಇರುತ್ತದೆ, ಹರಿಯುವುದಿಲ್ಲ. ಇದನ್ನು ಕಣ್ಣಾರೆ ಕಾಣಬೇಕೆಂದರೆ ನ್ಯೂಯಾರ್ಕಿನ ಸುರಂಗ ರೈಲಿನ ಆಸ್ಟರ್ ಪ್ಲೇಸ್ ನಿಲ್ದಾಣಕ್ಕೆ ಹೋಗಬೇಕು. 1904ರಲ್ಲಿ ತೆರೆದ ಆ ಮಾರ್ಗಕ್ಕೆ ಗ್ರೂಬಿ ಸಂಸ್ಥೆ ಮಾಡಿಕೊಟ್ಟ ಬೀವರ್ ಪ್ರಾಣಿಯ ಫಲಕಗಳು ಇಂದಿಗೂ ಗೋಡೆಯಲ್ಲಿವೆ; ಆಸ್ಟರ್ ಮನೆತನದ ಸಿರಿ ತುಪ್ಪಳದ ವ್ಯಾಪಾರದಿಂದ ಬಂದದ್ದರಿಂದ ಆ ಪ್ರಾಣಿ. ಒಂದೊಂದು ಬಣ್ಣವೂ ತನ್ನ ಏಣಿನೊಳಗೆ ಹೇಗೆ ನಿಂತಿದೆ ಎಂಬುದನ್ನು ಟಿಕೆಟ್ಟಿನ ದುಡ್ಡಿನಲ್ಲೇ ಹತ್ತಿರದಿಂದ ನೋಡಬಹುದು.

ಮೊದಲು ಮೊಗ್ಗುಗಳಿಗೆ ಸಣ್ಣ ಕುಂಚದಿಂದ ಮೂರು ಸುತ್ತು ಹಳದಿ ಕೊಟ್ಟು, ಅದರ ಮೇಲೆ ದ್ರವಮೇಣ ಹಚ್ಚಿ ಒಣಗಲು ಬಿಟ್ಟೆ. ಆಮೇಲೆ ಹಸಿರನ್ನು ಒಳಗೆ ಸುರಿದು ತಿರುಗಿಸಿ ಚೆಲ್ಲಿ, ಹೊರಗೆ ಜಗ್ಗಿನಿಂದ ಸುತ್ತಲೂ ಸುರಿದೆ. ಮೇಣದ ಮೇಲೆ ಬಿದ್ದದ್ದು ಹನಿಯಾಗಿ ಜಾರಿತು. ಉಳಿದ ಒಂದೆರಡು ಹನಿಗಳನ್ನು ಒದ್ದೆ ಸ್ಪಂಜಿನ ಮೂಲೆಯಿಂದ ಒರೆಸಿದೆ. ಗ್ಲೇಜ್ ಒಣಗಿದ ಮೇಲೆ ಬುಡದ ಬಳಿ ಸೂಜಿ ಚುಚ್ಚಿ ದಪ್ಪ ನೋಡಿದೆ: ಒಂದು ಮಿಲಿಮೀಟರ್. ಇದಕ್ಕಿಂತ ತೆಳುವಾದರೆ ಈ ಹಸಿರಿಗೆ ಆಳವೇ ಬರುವುದಿಲ್ಲ. ಕೊನೆಗೆ ಪ್ರತಿ ಏಣಿನ ನೆತ್ತಿಯ ಮೇಲೂ ಹಿಂಡಿದ ಸ್ಪಂಜನ್ನು ಒಂದೇ ಎಳೆತದಲ್ಲಿ ಸವರಿದೆ. ಗೂಡಿನಲ್ಲಿ ಗೆರೆ ಮೂಡಲು ಈ ಒಂದು ಸವರಿಕೆ ಬಹಳ ನೆರವಾಗುತ್ತದೆ.

ಗೂಡು

ಏರುವ ದಾರಿಯಲ್ಲಿ ವಿಶೇಷವೇನಿಲ್ಲ. ಗಂಟೆಗೆ 150 ಡಿಗ್ರಿಯಂತೆ 1100ರವರೆಗೆ, ಅಲ್ಲಿಂದ ಗಂಟೆಗೆ 60ರಂತೆ 1205ರವರೆಗೆ, ಅಲ್ಲಿ ಹದಿನೈದು ನಿಮಿಷ ನಿಲುಗಡೆ. ಒಳಗಿಟ್ಟ ಕೋನ್ 6 ಸರಿಯಾಗಿ ಬಾಗಿತ್ತು. ಮುಖ್ಯವಾದದ್ದು ಇಳಿಯುವ ದಾರಿ. 1040ರವರೆಗೆ ಗೂಡು ತನ್ನ ಪಾಡಿಗೆ ಆರಲಿ. ಅಲ್ಲಿಂದ 760ರವರೆಗೆ ಗಂಟೆಗೆ 60 ಡಿಗ್ರಿ ಮಾತ್ರ ಇಳಿಯುವಂತೆ ಗೂಡನ್ನು ಮತ್ತೆ ಕಾಯಿಸುತ್ತಲೇ ಇರಬೇಕು. ಸುಮಾರು ಐದು ಗಂಟೆಯ ಈ ಅವಧಿಯಲ್ಲೇ ಹರಳು ಬೆಳೆಯುವುದು. ಹಳೆಯ ಕಾಲದ ದಪ್ಪ ಇಟ್ಟಿಗೆಯ ದೊಡ್ಡ ಗೂಡುಗಳು ತಾವಾಗಿಯೇ ಹೀಗೆ ನಿಧಾನವಾಗಿ ಆರುತ್ತಿದ್ದವು. ಇಂದಿನ ತೆಳುಗೋಡೆಯ ವಿದ್ಯುತ್ ಗೂಡಿಗೆ ಆ ನಿಧಾನವನ್ನು ನಾವೇ ಹೇಳಿಕೊಡಬೇಕು. ಇಂಥದೇ ಗ್ಲೇಜ್ ಬಳಸಿ ಹೊಳಪು ಬಂತೆಂದು ಪಾಕವನ್ನು ದೂರುವವರು ಮೊದಲು ಇದೊಂದನ್ನು ಬದಲಿಸಿ ನೋಡಲಿ.

ಮುಚ್ಚಳ ತೆರೆದದ್ದು ಕೈ ತಾಳುವಷ್ಟು ಆರಿದ ಮೇಲೆ. ಎಲೆಯ ನೆತ್ತಿಗಳಲ್ಲಿ ತಿಳಿಗಂದು ಗೆರೆ ಬುಡದಿಂದ ತುದಿಯವರೆಗೆ ಕಡಿಯದೆ ಹರಿದಿತ್ತು, ಭುಜದ ಬಳಿ ಏಣು ತಗ್ಗಾದಲ್ಲಿ ಹಸಿರಿನಲ್ಲಿ ಕರಗಿ ಮಾಯವಾಗಿತ್ತು. ಏಣಿನ ಕಡಿದಾದ ಮಗ್ಗುಲಲ್ಲಿ ಗ್ಲೇಜ್ ದಪ್ಪವಾಗಿ ನಿಂತು ಕಡುಹಸಿರಾಗಿತ್ತು, ಇಳಿಜಾರಿನ ಮಗ್ಗುಲಲ್ಲಿ ಕ್ರಮೇಣ ತಿಳಿಯಾಗಿತ್ತು. ಒಂದೇ ಗ್ಲೇಜಿನಿಂದ ಮೂರು ಬಣ್ಣ, ಮೂರಕ್ಕೂ ಕಾರಣ ದಪ್ಪದ ವ್ಯತ್ಯಾಸ. ಮೊಗ್ಗುಗಳು ಬೆಣ್ಣೆಹಳದಿ, ಅಂಚಿನಲ್ಲಿ ಹಸಿರಿನ ಜೊತೆ ಕೂದಲೆಳೆಯಷ್ಟು ಮಾತ್ರ ಬೆರೆತಿದ್ದವು. ಕೈಯಲ್ಲಿ ಹಿಡಿದು ತಿರುಗಿಸಿದಾಗ ಮೈ ಎಲ್ಲೂ ಒರಟಿರಲಿಲ್ಲ. ನನಗೆ ಆದ ಸಂತೋಷ ಹೇಳತೀರದು.

ಮ್ಯಾಟ್ ಗ್ಲೇಜನ್ನು ನೋಡಿ ಮೆಚ್ಚಿದರೆ ಸಾಲದು, ಪರೀಕ್ಷಿಸಬೇಕು. ಅದೇ ಸರದಿಯಲ್ಲಿ ಸುಟ್ಟ ಬಿಲ್ಲೆಯ ಮೇಲೆ ಸ್ಟೀಲ್ ಚಮಚವನ್ನು ಒತ್ತಿ ಎಳೆದೆ. ಬಿದ್ದ ಗುರುತು ಒದ್ದೆ ಬಟ್ಟೆಗೆ ಹೋಯಿತು. ಇನ್ನೊಂದರ ಮೇಲೆ ರಾತ್ರಿಯಿಡೀ ನಿಂಬೆಹೋಳನ್ನು ಮಗುಚಿಟ್ಟೆ. ಬೆಳಿಗ್ಗೆ ತೊಳೆದು ನೋಡಿದರೆ ಬಣ್ಣ ಕುಂದಿರಲಿಲ್ಲ. ಹಾಗೆಂದು ಈ ಗ್ಲೇಜನ್ನು ಊಟದ ಪಾತ್ರೆಗೆ ಬಳಸುವಂತಿಲ್ಲ. ಕ್ರೋಮ್ ಇರುವ, ಸಿಲಿಕಾ ಕಡಿಮೆಯಿರುವ ಗ್ಲೇಜಿಗೆ ಮನೆಯ ನಿಂಬೆಹಣ್ಣಿನ ಪರೀಕ್ಷೆ ಸಾಲದು. ಹೂದಾನಿಗೆ ಅಡ್ಡಿಯಿಲ್ಲ. ನೀರು ತುಂಬಿ ಕಾಗದದ ಮೇಲೆ ನಿಲ್ಲಿಸಿದ್ದೆ, ಕಾಗದ ಒಣಗಿಯೇ ಇತ್ತು.

ಗ್ರೂಬಿಯ ಹಸಿರಿಗೆ ಬೇಡಿಕೆ ಬಂದದ್ದೇ ತಡ, ಇಲಿನಾಯ್‌ನ ಟೆಕೊ ಮೊದಲಾದ ಸಂಸ್ಥೆಗಳು ಅಚ್ಚಿನಲ್ಲಿ ಎರಕ ಹೊಯ್ದ ಹಸಿರು ಪಾತ್ರೆಗಳನ್ನು ಕಡಿಮೆ ಖರ್ಚಿನಲ್ಲಿ ಮಾರುಕಟ್ಟೆಗೆ ತಂದವು. ಒಂದೊಂದು ಎಲೆಯನ್ನೂ ಕೈಯಲ್ಲಿ ಕಟ್ಟುವ ಬಾಸ್ಟನ್ನಿನ ಸಂಸ್ಥೆ ಅದರೆದುರು ನಿಲ್ಲಲಾಗದೆ, 1910ರ ಆಸುಪಾಸಿನಲ್ಲಿ ಹೂದಾನಿಗಳ ಕೆಲಸವನ್ನೇ ಕೈಬಿಟ್ಟಿತು. ಐದು ಎಲೆಗಳ ಏಣು ಕಟ್ಟಲು ಹಿಡಿಯುವ ಹೊತ್ತು ಎಷ್ಟೆಂದು ಈಗ ನನ್ನ ಬೆನ್ನಿಗೂ ಗೊತ್ತಿದೆ. ಮುಂದಿನ ಹೂದಾನಿಯಲ್ಲಿ ಎಲೆಗಳನ್ನು ಏಳಕ್ಕೆ ಏರಿಸಿ, ಭುಜದ ಬಳಿ ತುದಿಗಳನ್ನು ಹೊರಕ್ಕೆ ಮಡಿಸಬೇಕೆಂದಿದ್ದೇನೆ. ಮಡಿಕೆಯ ಕೆಳಗೆ ಗ್ಲೇಜ್ ಹೇಗೆ ನಿಲ್ಲುತ್ತದೆಂದು ತಿಳಿಯಲು ಅದಕ್ಕೂ ಮೊದಲು ಒಂದು ಸಾಲು ಬಿಲ್ಲೆಗಳು ಆಗಬೇಕು. ಅವು ಈಗ ಕಪಾಟಿನಲ್ಲಿ ಒಣಗುತ್ತಿವೆ.